ಮನೆ ಪ್ಲಾನ್ ಸಾಫ್ಟ್‌ವೇರ್ ಕೈಕೊಟ್ಟರೆ ಯಾರನ್ನು ಕೇಳುವುದು?

ಜೂನ್ ತಿಂಗಳ ಒಂದು ಸಂಜೆ. ಉಡುಪಿ ಕುಂಜಿಬೆಟ್ಟಿನ ನನ್ನ ಪುಟ್ಟ ಆಫೀಸಿನಲ್ಲಿ ಕೂತು ಪರ್ಕಳದವರೊಬ್ಬರ ಮನೆ ಪ್ಲಾನನ್ನು ಆಟೋಕ್ಯಾಡಿನಲ್ಲಿ ಮುಗಿಸುತ್ತಿದ್ದೆ. ಹೊರಗೆ ಜಡಿಮಳೆ. ಕರೆಂಟ್ ಹೋಯಿತು. ಹಳೆ ಯುಪಿಎಸ್ ಎರಡು ಸಲ ಕುಂಯ್ ಎಂದು ಅದೂ ಮಲಗಿತು. ಕರೆಂಟ್ ಬಂದ ಮೇಲೆ ನೋಡಿದರೆ ಫೈಲ್ ತೆರೆಯುವುದೇ ಇಲ್ಲ. ಮರುದಿನ ಬೆಳಿಗ್ಗೆ ಹತ್ತಕ್ಕೆ ಅವರು ಬರುವವರಿದ್ದರು.

ಆ ರಾತ್ರಿ ಐದು ಕಡೆ ಕೇಳಿದೆ. ಕಂಪ್ಯೂಟರ್ ಅಂಗಡಿಯವರು "ಫಾರ್ಮ್ಯಾಟ್ ಹೊಡೀಬೇಕಾದೀತು" ಎಂದರು. ಗೆಳತಿ ಬಸ್ಸಿನಲ್ಲಿದ್ದಳು, ಮಳೆ ಸದ್ದಿಗೆ ಒಂದು ಮಾತೂ ಕೇಳಿಸಲಿಲ್ಲ. ಒಂದು ವಿಡಿಯೋ ನೋಡಿದೆ, ಅದರಲ್ಲಿದ್ದ ಮೆನು ನನ್ನ ಸ್ಕ್ರೀನಿನಲ್ಲಿ ಇರಲಿಲ್ಲ. ಗಾಬರಿಯಲ್ಲಿ ನೆಟ್‌ನಲ್ಲಿ ಸಿಕ್ಕಿದ ಯಾವುದೋ ನಂಬರಿಗೆ ಫೋನ್ ಮಾಡಿ, 1,500 ರೂಪಾಯಿ ಕೊಟ್ಟು, ಇದ್ದದ್ದನ್ನೂ ಹಾಳು ಮಾಡಿಕೊಂಡೆ. ಕೊನೆಗೆ ದುಬೈಯಲ್ಲಿರುವ ಭಾವ ಕಳಿಸಿದ ನಲವತ್ತು ಸೆಕೆಂಡಿನ ವಾಯ್ಸ್ ಮೆಸೇಜ್‌ನಿಂದ ಕೆಲಸ ಆಯಿತು.

ಐವರಲ್ಲಿ ಭಾವನೇ ದೊಡ್ಡ ಪಂಡಿತರು ಎಂದೇನಲ್ಲ. ಆ ತೊಂದರೆ ಅವರು ದಿನಾ ನೋಡುವ ಜಾತಿಯದ್ದು, ಅಷ್ಟೆ. ಸ್ಕ್ರೀನ್ ಕಪ್ಪಾಗುವ ತೊಂದರೆ ಆಗಿದ್ದರೆ ಅಂಗಡಿಯವರೇ ಸಾಕಿತ್ತು. ಹಾಗಾಗಿ ಯಾರು ಒಳ್ಳೆಯವರು ಎಂದು ಹುಡುಕುವ ಮೊದಲು ತೊಂದರೆ ಎಂಥದ್ದು ಎಂದು ನೋಡುವುದನ್ನು ನಾನು ಅಭ್ಯಾಸ ಮಾಡಿಕೊಂಡೆ.

ತೊಂದರೆ ಯಾರ ಮನೆಯದ್ದು?

ಐದು ನಿಮಿಷದ ಪರೀಕ್ಷೆ ಇದು. ಅದೇ ಸಾಫ್ಟ್‌ವೇರಿನಲ್ಲಿ ಬೇರೆ ಒಂದು ಹಳೆ ಫೈಲ್ ತೆರೆದು ನೋಡಿ. ಅದು ಸರಿಯಾಗಿ ತೆರೆದರೆ ತೊಂದರೆ ಫೈಲಿನದ್ದು. ಎಲ್ಲಾ ಫೈಲೂ ತಕರಾರು ಮಾಡಿದರೆ ಹೊಸದೊಂದು ಖಾಲಿ ಫೈಲಿನಲ್ಲಿ ನಾಲ್ಕು ಗೋಡೆ ಎಳೆಯಿರಿ. ಅಲ್ಲೂ ಹಾಗೇ ಆದರೆ ಸಾಫ್ಟ್‌ವೇರ್ ಅಥವಾ ಕಂಪ್ಯೂಟರ್. ಈಗ ಅದನ್ನೇ ಇನ್ನೊಬ್ಬರ ಕಂಪ್ಯೂಟರಿನಲ್ಲಿ ಮಾಡಿ ನೋಡಿದರೆ ಎರಡರಲ್ಲಿ ಯಾವುದು ಎಂದು ಗೊತ್ತಾಗುತ್ತದೆ.

ಇನ್ನೊಂದು ಜಾತಿ ಉಂಟು, ಅದೇ ಜಾಸ್ತಿ. ಸಾಫ್ಟ್‌ವೇರ್ ಸರಿಯಾಗಿಯೇ ಇರುತ್ತದೆ, ನಾವು ಅದಕ್ಕೆ ಹೇಳಿದ್ದು ತಪ್ಪು. ಅಳತೆಯ ಗೊಂದಲ ಇದಕ್ಕೆ ಒಳ್ಳೆಯ ಉದಾಹರಣೆ. ನಮ್ಮಲ್ಲಿ ಜಾಗ ಸೆಂಟ್ಸ್‌ನಲ್ಲಿ, ಮೇಸ್ತ್ರಿಯ ಮಾತು ಅಡಿ-ಇಂಚಿನಲ್ಲಿ, ಪರ್ಮಿಶನ್‌ಗೆ ಕೊಡುವ ನಕ್ಷೆ ಮೀಟರಿನಲ್ಲಿ. ಒಬ್ಬರ ಫೈಲನ್ನು ಇನ್ನೊಬ್ಬರು ತೆರೆದಾಗ ಬೆಡ್‌ರೂಮು ನೆಹರೂ ಮೈದಾನದಷ್ಟು ದೊಡ್ಡದಾಗಿ ಕಾಣುತ್ತದೆ. ಆಗ ಗೊತ್ತಿರುವ ಒಂದು ಅಳತೆಯನ್ನು, ಉದಾಹರಣೆಗೆ ಬಾಗಿಲಿನ ಅಗಲವನ್ನು, ಅಳೆದು ನೋಡಿ. 25.4 ಪಾಲು ವ್ಯತ್ಯಾಸ ಬಂದರೆ ಇಂಚು-ಮಿಲಿಮೀಟರ್ ಅದಲುಬದಲು. 12 ಪಾಲು ಬಂದರೆ ಅಡಿ-ಇಂಚು. 304.8 ಬಂದರೆ ಅಡಿ-ಮಿಲಿಮೀಟರ್. ಇದಕ್ಕೆ ಯಾರನ್ನೂ ಕೇಳಬೇಕಾಗಿಲ್ಲ.

ಸ್ವೀಟ್ ಹೋಮ್ 3ಡಿ ಎಂಬ ಮನೆ ಪ್ಲಾನ್ ಸಾಫ್ಟ್‌ವೇರಿನಲ್ಲಿ ಗೋಡೆ ಎಳೆದರೆ ರಟ್ಟಿನ ಹಾಗೆ ಕಾಣುತ್ತದೆ ಎಂದು ತುಂಬಾ ಜನ ಹೇಳುತ್ತಾರೆ. ಅದರಲ್ಲಿ ಹೊಸ ಗೋಡೆಯ ದಪ್ಪ ಮೊದಲೇ 7.5 ಸೆಂಟಿಮೀಟರ್ ಎಂದು ಇಟ್ಟಿರುತ್ತಾರೆ. ನಮ್ಮ ಕೆಂಪುಕಲ್ಲಿನ ಗೋಡೆ ಎಂಟು-ಒಂಬತ್ತು ಇಂಚು, ಅಂದರೆ 20ರಿಂದ 23 ಸೆಂಟಿಮೀಟರ್. ಪ್ರಿಫರೆನ್ಸಸ್‌ಗೆ ಹೋಗಿ ಒಮ್ಮೆ ಬದಲಿಸಿದರೆ ಮುಗಿಯಿತು.

ಕಂಪನಿಯವರೋ, ಪಕ್ಕದ ಆಫೀಸಿನ ಡ್ರಾಫ್ಟ್ಸ್‌ಮನ್ನೋ?

ದುಡ್ಡು ಕೊಟ್ಟು ಚಂದಾ ತೆಗೆದುಕೊಂಡಿದ್ದರೆ ಕಂಪನಿಯ ಸಹಾಯ ನಿಮ್ಮ ಹಕ್ಕು. ಅದನ್ನು ಬಳಸದೆ ಊರೆಲ್ಲ ಕೇಳುವುದು, ಮನೆಯಲ್ಲಿ ಬಾವಿ ಇಟ್ಟುಕೊಂಡು ಪಕ್ಕದವರ ನೀರು ಕೇಳಿದ ಹಾಗೆ. ಸಾಫ್ಟ್‌ವೇರ್ ಲೈಸೆನ್ಸನ್ನು ಒಪ್ಪಿಕೊಳ್ಳದ ತೊಂದರೆ, ಲಾಗಿನ್ ಆಗದ್ದು, ಇನ್‌ಸ್ಟಾಲ್ ಅರ್ಧಕ್ಕೆ ನಿಲ್ಲುವುದು, ಅಪ್‌ಡೇಟ್ ಆದ ಮೇಲೆ ಒಂದು ಟೂಲ್ ಮುರಿದದ್ದು. ಇವಕ್ಕೆ ಕಂಪನಿಯೇ ಸರಿ. ಬೇರೆ ಯಾರ ಕೈಯಲ್ಲೂ ಆ ಬೀಗದ ಕೈ ಇಲ್ಲ.

ಆದರೆ ಸಮಯ ನೋಡಿಕೊಳ್ಳಬೇಕು. ಅಮೆರಿಕದ ಕಡೆಯ ಸಣ್ಣ ಕಂಪನಿಯಾದರೆ ಅವರ ಆಫೀಸ್ ತೆರೆಯುವಾಗ ನಮ್ಮಲ್ಲಿ ದೀಪ ಹಚ್ಚುವ ಹೊತ್ತು. ಜೂನ್‌ನಲ್ಲಿ ನ್ಯೂಯಾರ್ಕಿನ ಬೆಳಿಗ್ಗೆ ಒಂಬತ್ತು ಎಂದರೆ ಉಡುಪಿಯ ಸಂಜೆ ಆರೂವರೆ. ಸಂಜೆ ಹೊತ್ತಿಗೆ ಎಲ್ಲಾ ವಿವರ ಬರೆದು ಕಳಿಸಿಟ್ಟರೆ ಬೆಳಿಗ್ಗೆ ಚಾ ಕುಡಿಯುವಾಗ ಉತ್ತರ ನೋಡಬಹುದು. ಬೆಳಿಗ್ಗೆ ಅರ್ಧಂಬರ್ಧ ಬರೆದು ಕಳಿಸಿದರೆ ಸಂಜೆ ಅವರದ್ದೊಂದು ಪ್ರಶ್ನೆ ಬರುತ್ತದೆ. ಅಲ್ಲಿಗೆ ಒಂದು ದಿನ ಹೋಯಿತು.

ಕ್ರ್ಯಾಕ್ ಮಾಡಿದ ಸಾಫ್ಟ್‌ವೇರ್ ಹಾಕಿಕೊಂಡವರಿಗೆ ಈ ದಾರಿ ಇಲ್ಲವೇ ಇಲ್ಲ. ಉಪದೇಶ ಮಾಡುವುದಿಲ್ಲ. ಆದರೆ ಅದರ ಜೊತೆ ವೈರಸ್ ಬಂದರೆ ಸಹಾಯ ಮಾಡುವವರೂ ಮುಟ್ಟಲು ಹಿಂಜರಿಯುತ್ತಾರೆ, ನಾನೂ ಹಿಂಜರಿಯುತ್ತೇನೆ. ಮನೆಯಲ್ಲಿ ಓದುವ ಮಕ್ಕಳಿದ್ದರೆ ಆಟೋಕ್ಯಾಡ್ ಮಾಡುವ ಆಟೋಡೆಸ್ಕ್ ಕಂಪನಿ ವಿದ್ಯಾರ್ಥಿಗಳಿಗೆ ಅದನ್ನು ಉಚಿತವಾಗಿಯೇ ಕೊಡುತ್ತದೆ. ಕಲಿಯುವುದಕ್ಕೆ ಮಾತ್ರ, ದುಡಿಮೆಗೆ ಅಲ್ಲ.

ಇನ್ನು ಡ್ರಾಫ್ಟ್ಸ್‌ಮನ್. ಮಂಗಳೂರು-ಉಡುಪಿ ನಡುವೆ ಯಾವ ಪೇಟೆಗೆ ಹೋದರೂ ಎಂಜಿನಿಯರ್ ಆಫೀಸ್ ಇದೆ, ಒಳಗೆ ಬೆಳಿಗ್ಗೆಯಿಂದ ರಾತ್ರಿವರೆಗೆ ಗೆರೆ ಎಳೆಯುವ ಒಬ್ಬರಾದರೂ ಇರುತ್ತಾರೆ. ಕದ್ರಿಯ ಪಾಲಿಟೆಕ್ನಿಕ್ಕಿನಲ್ಲೋ ಬೇರೆ ಐಟಿಐಯಲ್ಲೋ ಕಲಿತವರು. ಫೈಲಿನ ತೊಂದರೆಗೆ ನನ್ನ ಮೊದಲ ಆಯ್ಕೆ ಇವರೇ. ಯಾಕೆಂದರೆ ಅವರಿಗೆ ಸಾಫ್ಟ್‌ವೇರೂ ಗೊತ್ತು, ನಮ್ಮ ಮನೆಯೂ ಗೊತ್ತು. ಹಂಚಿನ ಮಾಡು, ಅದರ ಇಳಿಜಾರು, ಟೆರೇಸಿನ ಮೇಲೆ ಮಳೆಗೆ ಹಾಕುವ ಶೀಟು, ಅಂಗಳದ ತುಳಸಿಕಟ್ಟೆ, ಇವನ್ನು ಅವರಿಗೆ ಬಿಡಿಸಿ ಹೇಳಬೇಕಾಗಿಲ್ಲ. ಹೊರದೇಶದವರಿಗೆ ಜಗಲಿ ಎಂದರೆ ಏನು ಎಂದು ವಿವರಿಸುವುದರಲ್ಲೇ ಅರ್ಧ ಗಂಟೆ ಹೋಗುತ್ತದೆ.

ಅವರ ತೊಂದರೆ ಎರಡು. ಬಿಡುವಿಲ್ಲ. ಮತ್ತೆ, ಹೆಚ್ಚಿನವರಿಗೆ ಆಟೋಕ್ಯಾಡ್ ಕೈಯ ಗೆರೆಯಷ್ಟು ಗೊತ್ತು, ಸ್ಕೆಚ್‌ಅಪ್ ಸ್ವಲ್ಪ ಗೊತ್ತು, ಮೊಬೈಲಿನಲ್ಲಿ ಮನೆ ಜೋಡಿಸುವ ಆ್ಯಪ್‌ಗಳ ಹೆಸರೂ ಗೊತ್ತಿರುವುದಿಲ್ಲ. ಆ್ಯಪ್ ತೊಂದರೆ ಹಿಡಿದುಕೊಂಡು ಹೋದರೆ "ಇದೆಂತ ಮಾರಾಯ್ರೆ, ನಾನೇ ಎಳೆದು ಕೊಡ್ತೇನೆ ಬಿಡಿ" ಎನ್ನುತ್ತಾರೆ. ಒಮ್ಮೊಮ್ಮೆ ಅದೇ ಒಳ್ಳೆಯ ಉತ್ತರ.

ಸಾಫ್ಟ್‌ವೇರ್ ಆರಿಸುವಾಗಲೇ ಇದನ್ನು ಲೆಕ್ಕ ಹಾಕಿ ಎಂದು ಮನೆ ಕಟ್ಟಿಸುವವರಿಗೆ ಹೇಳುತ್ತಿರುತ್ತೇನೆ. ಆಟೋಕ್ಯಾಡ್ ದುಬಾರಿ, ಕಲಿಯಲು ಕಷ್ಟ, ಆದರೆ ಗಲ್ಲಿಗೊಬ್ಬರು ಬಲ್ಲವರಿದ್ದಾರೆ. ಸ್ವೀಟ್ ಹೋಮ್ 3ಡಿ ಉಚಿತ, ಸಾಧಾರಣ ಲ್ಯಾಪ್‌ಟಾಪಿನಲ್ಲೂ ಓಡುತ್ತದೆ, ಊರಿನಲ್ಲಿ ಬಲ್ಲವರು ಕಡಿಮೆ. ಆದರೆ ಅದು ಸರಳ, ತೊಂದರೆಯೂ ಕಡಿಮೆ. ಒಂದೇ ಕೊರತೆ, ಇಳಿಜಾರು ಮಾಡು ಹಾಕಲು ಅದರಲ್ಲಿ ಸುಲಭದ ಟೂಲ್ ಇಲ್ಲ. ಹಂಚಿನ ಮನೆಯ ಕನಸು ಕಾಣುವವರಿಗೆ ಅದು ಸ್ವಲ್ಪ ಬೇಸರದ ಸಂಗತಿ. 1865ರಲ್ಲಿ ಮಂಗಳೂರಿನ ಜೆಪ್ಪುವಿನಲ್ಲಿ ಬಾಸೆಲ್ ಮಿಷನ್ ಹಂಚಿನ ಕಾರ್ಖಾನೆ ಶುರು ಮಾಡಿದ ಊರಿನವರು ನಾವು, ಮಾಡೇ ಇಲ್ಲದ ಮನೆ ನೋಡಿ ತೃಪ್ತಿ ಆಗುತ್ತದಾ? ಸ್ಕೆಚ್‌ಅಪ್ ಎರಡರ ನಡುವೆ ಕೂರುತ್ತದೆ. ಬ್ರೌಸರಿನಲ್ಲಿ ಓಡುವ ಉಚಿತ ಆವೃತ್ತಿ ಉಂಟು, ಆದರೆ ಅದಕ್ಕೆ ಎಕ್ಸ್‌ಟೆನ್ಷನ್, ಅಂದರೆ ಹೆಚ್ಚುವರಿ ಟೂಲ್, ಹಾಕಲು ಆಗುವುದಿಲ್ಲ. ವಿಡಿಯೋದಲ್ಲಿ "ಈ ಎಕ್ಸ್‌ಟೆನ್ಷನ್ ಹಾಕಿ" ಎಂದು ಹೇಳಿದ್ದನ್ನು ಮಾಡಲು ಹೋಗಿ ದಿನಗಟ್ಟಲೆ ಒದ್ದಾಡಿದವರನ್ನು ನೋಡಿದ್ದೇನೆ.

ಅಂಗಡಿ, ಭಾವ, ಕಾಲೇಜು ಹುಡುಗರು

ಕಂಪ್ಯೂಟರ್ ಅಂಗಡಿಯವರನ್ನು ನಾನು ಮೇಲೆ ತಮಾಷೆ ಮಾಡಿದೆ, ಆದರೆ ಅವರಿಂದ ಆಗುವ ಕೆಲಸ ಅವರಿಂದಲೇ ಆಗಬೇಕು. ಮನೆಯನ್ನು 3ಡಿಯಲ್ಲಿ ತಿರುಗಿಸಿದ ಕೂಡಲೇ ಸ್ಕ್ರೀನ್ ನಡುಗುವುದು, ಗೋಡೆ ಮಾಯವಾಗುವುದು, ಫ್ಯಾನ್ ವಿಮಾನದ ಹಾಗೆ ಕೂಗಿ ಲ್ಯಾಪ್‌ಟಾಪ್ ಆಫ್ ಆಗುವುದು, ಇವೆಲ್ಲ ಹೆಚ್ಚಾಗಿ ಗ್ರಾಫಿಕ್ಸ್ ಡ್ರೈವರ್, ರ್ಯಾಮ್ ಅಥವಾ ಬಿಸಿಯ ಸಮಸ್ಯೆ. ಕೆಲವು ಲ್ಯಾಪ್‌ಟಾಪಿನಲ್ಲಿ ಎರಡು ಗ್ರಾಫಿಕ್ಸ್ ಇರುತ್ತವೆ, ಸಾಫ್ಟ್‌ವೇರ್ ಬಡಪಾಯಿ ಚಿಕ್ಕದನ್ನೇ ಹಿಡಿದುಕೊಂಡಿರುತ್ತದೆ. ವಿಂಡೋಸ್‌ನ ಗ್ರಾಫಿಕ್ಸ್ ಸೆಟ್ಟಿಂಗ್ಸ್‌ನಲ್ಲಿ ಆ ಸಾಫ್ಟ್‌ವೇರಿಗೆ ಹೈ ಪರ್ಫಾರ್ಮೆನ್ಸ್ ಎಂದು ಆರಿಸಿ ನೋಡಿ, ಆಮೇಲೆ ಅಂಗಡಿಗೆ ಹೋಗಿ. ಫಾರ್ಮ್ಯಾಟ್ ಎಂದ ಕೂಡಲೇ ತಲೆಯಾಡಿಸಬೇಡಿ. ಮೊದಲು ನಿಮ್ಮ ಫೈಲ್‌ಗಳೆಲ್ಲ ಪೆನ್‌ಡ್ರೈವ್‌ಗೆ ಬರಲಿ.

ಗಲ್ಫ್‌ನಲ್ಲಿರುವ ಸಂಬಂಧಿಕರು ನಮ್ಮ ಕರಾವಳಿಯವರಿಗೆ ಸಿಕ್ಕಿದ ವರ. ಎಷ್ಟು ಮನೆಗಳಲ್ಲಿ ಒಬ್ಬ ಭಾವನೋ ಮಾವನೋ ಅಲ್ಲಿ ಡ್ರಾಫ್ಟ್ಸ್‌ಮನ್, ಸೈಟ್ ಎಂಜಿನಿಯರ್ ಆಗಿ ದುಡಿಯುತ್ತಿಲ್ಲ! ದುಬೈ ಸಮಯ ನಮಗಿಂತ ಒಂದೂವರೆ ಗಂಟೆ ಹಿಂದೆ. ಹಾಗಾಗಿ ನಮ್ಮ ರಾತ್ರಿ ಊಟ ಆದ ಮೇಲೆ ಅವರು ರೂಮಿಗೆ ಬಂದಿರುತ್ತಾರೆ. ಮೊದಲೆಲ್ಲ ಶುಕ್ರವಾರ ಕಾಯುತ್ತಿದ್ದೆವು. ಅಲ್ಲಿಯ ಸರ್ಕಾರ 2022ರಿಂದ ವಾರದ ರಜೆಯನ್ನು ಶನಿವಾರ-ಭಾನುವಾರಕ್ಕೆ ತಂದ ಮೇಲೆ ಭಾನುವಾರ ಹಿಡಿಯುವುದು ಸುಲಭವಾಗಿದೆ. ವಾಟ್ಸ್ಆ್ಯಪ್ ಕಾಲ್ ಅಲ್ಲಿಗೆ ಸರಿಯಾಗಿ ಹೋಗುವುದಿಲ್ಲ ಎಂಬುದು ಎಲ್ಲರಿಗೂ ಗೊತ್ತು. ಹಾಗಾಗಿ ಬರೆದು, ಸ್ಕ್ರೀನ್‌ಶಾಟ್ ಹಾಕಿ, ವಾಯ್ಸ್ ಮೆಸೇಜ್‌ನಲ್ಲೇ ಮುಗಿಸಬೇಕು. ನನಗೆ ಇದು ಲಾಭವೇ ಆಯಿತು. ಕಾಲ್ ಆದರೆ ನಾನು ಅಳುತ್ತಾ ಕೂರುತ್ತಿದ್ದೆ, ಮೆಸೇಜ್ ಆದ್ದರಿಂದ ಕೇಳಬೇಕಾದ್ದನ್ನು ಯೋಚಿಸಿ ಕೇಳಿದೆ.

ಭಾವ ಹೇಳಿದ್ದು ಇಷ್ಟು. ಆಟೋಕ್ಯಾಡ್ ಪ್ರತಿ ಸಲ ಸೇವ್ ಮಾಡುವಾಗ ಹಿಂದಿನ ಪ್ರತಿಯನ್ನು ಹೆಸರಿನ ಕೊನೆಗೆ ಬಿಎಕೆ ಎಂಬ ಬಾಲ ಹಚ್ಚಿ ಅದೇ ಫೋಲ್ಡರಿನಲ್ಲಿ ಇಡುತ್ತದೆ. ಅದನ್ನು ಬೇರೆ ಕಡೆ ಕಾಪಿ ಮಾಡಿ, ಬಾಲ ಬದಲಿಸಿ ಆಟೋಕ್ಯಾಡಿನ ಮಾಮೂಲಿ ಡಿಡಬ್ಲ್ಯುಜಿ ಮಾಡಿದರೆ ತೆರೆಯಬಹುದು. ಬಾಲ ಕಾಣದಿದ್ದರೆ ಫೋಲ್ಡರಿನ ವ್ಯೂ ಮೆನುವಿನಲ್ಲಿ ಫೈಲ್ ನೇಮ್ ಎಕ್ಸ್‌ಟೆನ್ಷನ್ಸ್ ಎಂಬುದನ್ನು ಟಿಕ್ ಮಾಡಬೇಕು. ನನ್ನ ಗ್ರಹಚಾರಕ್ಕೆ ಆ ದುಡ್ಡು ತೆಗೆದುಕೊಂಡ ಪುಣ್ಯಾತ್ಮ ಹಾಳಾದ ಫೈಲನ್ನೇ ರಿಕವರ್ ಮಾಡಿ ಅದರ ಮೇಲೆಯೇ ಸೇವ್ ಒತ್ತಿದ್ದ. ಒಳ್ಳೆಯ ಬಿಎಕೆ ಹೋಗಿ ಆ ಜಾಗಕ್ಕೆ ಹಾಳಾದದ್ದೇ ಬಂದಿತ್ತು. ಆಗ ಉಳಿದದ್ದು ಆಟೋಸೇವ್. ನಾವು ಬದಲಿಸದಿದ್ದರೆ ಹತ್ತು ನಿಮಿಷಕ್ಕೊಮ್ಮೆ ಅದು ಒಂದು ಪ್ರತಿ ಬೇರೆ ಫೋಲ್ಡರಿಗೆ ಹಾಕುತ್ತದೆ, ಬಾಲ ಎಸ್‌ವಿ ಮತ್ತು ಡಾಲರ್ ಚಿಹ್ನೆ. ನೆಟ್ಟಗೆ ಮುಚ್ಚಿದರೆ ಆ ಪ್ರತಿ ಅಳಿಸಿ ಹೋಗುತ್ತದೆ, ಕರೆಂಟ್ ಹೋಗಿ ಸತ್ತರೆ ಅಲ್ಲೇ ಉಳಿಯುತ್ತದೆ. ಫೋಲ್ಡರ್ ಎಲ್ಲಿದೆ ಎಂದು ತಿಳಿಯಲು ಸೇವ್‌ಫೈಲ್‌ಪಾತ್ ಎಂದು ಕಮಾಂಡ್ ಕೊಡಬೇಕು. ಸಿಕ್ಕಿತು! ಊಟದ ಕೋಣೆಯ ಎರಡು ಕಿಟಕಿ ಮಾತ್ರ ಮತ್ತೆ ಎಳೆದೆ.

ಮಣಿಪಾಲ, ಸುರತ್ಕಲ್ ಕಡೆ ಆರ್ಕಿಟೆಕ್ಚರ್, ಸಿವಿಲ್ ಓದುವ ಹುಡುಗ-ಹುಡುಗಿಯರು ತುಂಬಾ ಇದ್ದಾರೆ. 3ಡಿ, ರೆಂಡರಿಂಗ್, ಹೊಸ ಆವೃತ್ತಿಯಲ್ಲಿ ಏನು ಬಂದಿದೆ, ಇದರಲ್ಲಿ ಅವರು ನಮ್ಮೆಲ್ಲರಿಗಿಂತ ಮುಂದೆ. ಪರೀಕ್ಷೆ ಬಂದರೆ ಮಾತ್ರ ಮಾಯ. ಕಲಿಯಬೇಕು ಎನ್ನುವವರಿಗೆ ಇವರು ಒಳ್ಳೆಯ ಗುರುಗಳು, ನಾಳೆಯೇ ಬೇಕು ಎನ್ನುವವರಿಗೆ ಅಲ್ಲ.

ವಿಡಿಯೋ, ಚಾಟ್‌ಬಾಟ್, ಗುರುತಿಲ್ಲದ ನಂಬರ್

ವಿಡಿಯೋ ನೋಡುವ ಮೊದಲು ಅದು ಯಾವ ವರ್ಷದ್ದು, ಯಾವ ಆವೃತ್ತಿಯದ್ದು ನೋಡಿ. ಅಷ್ಟು ಸಾಕು.

ಚಾಟ್‌ಬಾಟ್ ಎರರ್ ಮೆಸೇಜ್ ಓದಿ ಅರ್ಥ ಹೇಳುವುದರಲ್ಲಿ ಒಳ್ಳೆಯದು, ಅದೂ ಕನ್ನಡದಲ್ಲಿ, ಮಧ್ಯರಾತ್ರಿಯಲ್ಲೂ. ಆದರೆ ಇಲ್ಲದ ಮೆನುವನ್ನು ಇದೆ ಎಂದು ಬಹಳ ಧೈರ್ಯದಿಂದ ಹೇಳಿಬಿಡುತ್ತದೆ. ದಾರಿ ಕೇಳಿದರೆ ಗೊತ್ತಿಲ್ಲ ಎನ್ನಲು ನಾಚಿಕೆಪಟ್ಟು ಯಾವುದೋ ಕಡೆ ಕೈತೋರಿಸುವವರ ಹಾಗೆ. ಸಾಫ್ಟ್‌ವೇರಿನ ಹೆಸರು, ಆವೃತ್ತಿ, ಎರರ್‌ನ ಪೂರ್ತಿ ಸಾಲು ಕೊಟ್ಟೇ ಕೇಳಿ. ಅಳಿಸಿ, ಓವರ್‌ರೈಟ್ ಮಾಡಿ ಎಂದು ಹೇಳಿದರೆ ಕಾಪಿ ಮೇಲೆ ಮಾತ್ರ ಮಾಡಿ.

ಗುರುತಿಲ್ಲದ ನಂಬರ್ ಬಗ್ಗೆ ನನ್ನ ಅಭಿಪ್ರಾಯ ಸುಲಭ, ಬೇಡ. ಹುಡುಕಾಟದಲ್ಲಿ ಮೇಲೆ ಬಂದ ಮಾತ್ರಕ್ಕೆ ಅದು ಕಂಪನಿಯ ನಂಬರ್ ಅಲ್ಲ. ಕಂಪನಿಯ ನಂಬರ್ ಬೇಕಾದರೆ ಸಾಫ್ಟ್‌ವೇರಿನ ಒಳಗಿನ ಹೆಲ್ಪ್ ಮೆನುವಿನಿಂದಲೇ ಹೋಗಿ. ನಾನು ಕಳೆದುಕೊಂಡದ್ದು ಒಂದೂವರೆ ಸಾವಿರ ಮತ್ತು ಒಂದು ಫೈಲ್. ಸ್ಕ್ರೀನ್ ಹಂಚಿಕೊಂಡು ಬ್ಯಾಂಕ್ ಆ್ಯಪ್ ತೆರೆಸಿದ್ದರೆ? ಓಟಿಪಿ ಕೇಳಿದರೆ ಕಾಲ್ ಕಟ್ ಮಾಡಿ. ದುಡ್ಡು ಹೋದರೆ ತಡ ಮಾಡದೆ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಫೋನ್ ಮಾಡಿ.

ಕೇಳುವ ಕ್ರಮ

ಯಾರನ್ನು ಕೇಳಿದರೂ ಈ ಎರಡು ಮೆಸೇಜ್‌ಗಳಲ್ಲಿ ಯಾವುದಕ್ಕೆ ಬೇಗ ಉತ್ತರ ಬಂದೀತು ನೀವೇ ಹೇಳಿ.

"ನಮಸ್ಕಾರ, ಪ್ಲಾನ್ ಬರ್ತಾ ಇಲ್ಲ, ಅರ್ಜೆಂಟ್, ಫೋನ್ ಮಾಡಿ."

"ನಮಸ್ಕಾರ. ಸ್ಕೆಚ್‌ಅಪ್ ಮೇಕ್ 2017, ವಿಂಡೋಸ್ 10. ಎಂಜಿನಿಯರ್ ಕಳಿಸಿದ ಫೈಲ್ ತೆರೆದರೆ ಹೊಸ ಆವೃತ್ತಿಯದ್ದು ಎಂದು ಬರುತ್ತದೆ. ನನ್ನ ಹಳೆ ಫೈಲ್‌ಗಳು ತೆರೆಯುತ್ತವೆ. ಸ್ಕ್ರೀನ್‌ಶಾಟ್ ಹಾಕಿದ್ದೇನೆ. ನಾಡಿದ್ದರ ಒಳಗೆ ಆದರೆ ಸಾಕು."

ಎರಡನೆಯದಕ್ಕೆ ಫೋನೂ ಬೇಡ. ಕಳಿಸಿದವರು ಸೇವ್ ಆ್ಯಸ್‌ನಲ್ಲಿ ಹಳೆ ಆವೃತ್ತಿ ಆರಿಸಿ ಮತ್ತೆ ಕಳಿಸಿದರೆ ಆಯಿತು. ಡೆಸ್ಕ್‌ಟಾಪಿಗೆ ಉಚಿತವಾಗಿ ಬಂದ ಕೊನೆಯ ಸ್ಕೆಚ್‌ಅಪ್ ಆ 2017ರದ್ದೇ. ಹಾಗಾಗಿ ನಮ್ಮ ಕಡೆ ಇನ್ನೂ ತುಂಬಾ ಜನ ಅದರಲ್ಲೇ ಇದ್ದಾರೆ. ಆಟೋಕ್ಯಾಡಿನಲ್ಲೂ ಇದೇ ಕತೆ. 2018ರದ್ದರಲ್ಲಿ ಅಥವಾ ಅದರ ನಂತರದ್ದರಲ್ಲಿ ಉಳಿಸಿದ ಫೈಲ್ 2017ರ ಆಟೋಕ್ಯಾಡಿನಲ್ಲಿ ತೆರೆಯುವುದಿಲ್ಲ. ಸೇವ್ ಆ್ಯಸ್‌ನಲ್ಲಿ 2013ರ ಮಾದರಿ ಆರಿಸಿ ಕೊಡಬೇಕು.

ಸ್ಕ್ರೀನ್‌ಶಾಟ್ ಎಂದೆ, ಮೊಬೈಲಿನಲ್ಲಿ ಓರೆಯಾಗಿ ತೆಗೆದ, ಟ್ಯೂಬ್‌ಲೈಟ್ ಹೊಳೆಯುವ ಫೋಟೋ ಅಲ್ಲ. ವಿಂಡೋಸ್, ಶಿಫ್ಟ್, ಎಸ್ ಮೂರನ್ನೂ ಒಟ್ಟಿಗೆ ಒತ್ತಿ. ವಾಟ್ಸ್ಆ್ಯಪಿನಲ್ಲಿ ಡಾಕ್ಯುಮೆಂಟ್ ಆಗಿ ಕಳಿಸಿ, ಫೋಟೋ ಆಗಿ ಕಳಿಸಿದರೆ ಅಕ್ಷರ ಮಸುಕಾಗುತ್ತದೆ.

ನೀವೇ ಸಹಾಯ ಮಾಡುವವರಾದರೆ

ಸ್ವಲ್ಪ ಗೊತ್ತಿದೆ ಎಂದು ಸುದ್ದಿಯಾದರೆ ಸಾಕು, ಫೋನ್ ಶುರು. ಇಲ್ಲೂ ಆಯ್ಕೆ ಉಂಟು. ಬರೀ ಫೋನಿನಲ್ಲಿ ಹೇಳಿಕೊಡುವುದು ನನ್ನ ಪ್ರಕಾರ ಅತಿ ಕೆಟ್ಟ ದಾರಿ. "ಎಡಗಡೆ ಮೇಲೆ", "ಯಾವ ಎಡ?" ಎಂದು ಅರ್ಧ ಗಂಟೆ. ಸ್ಕ್ರೀನ್‌ಶಾಟ್ ತರಿಸಿ ಅದರ ಮೇಲೆ ಕೆಂಪು ಗೀಟು ಹಾಕಿ ಕಳಿಸುವುದು ಹೆಚ್ಚಿನದಕ್ಕೆ ಸಾಕು. ದೂರದಿಂದ ಸ್ಕ್ರೀನ್ ನೋಡಬೇಕಾದರೆ ವಿಂಡೋಸ್‌ನ ಕ್ವಿಕ್ ಅಸಿಸ್ಟ್ ಇದೆ. ಆದರೆ ಮೌಸ್ ಅವರ ಕೈಯಲ್ಲೇ ಇರಲಿ. ನೀವೇ ಮಾಡಿಕೊಟ್ಟರೆ ಮುಂದಿನ ವಾರ ಅದೇ ಪ್ರಶ್ನೆಗೆ ಮತ್ತೆ ಫೋನ್.

ಪಕ್ಕದಲ್ಲಿ ಕೂತು ಹೇಳಿಕೊಡುವುದು ಎಲ್ಲಕ್ಕಿಂತ ಒಳ್ಳೆಯದು, ಎಲ್ಲಕ್ಕಿಂತ ದುಬಾರಿಯೂ ಹೌದು. ಕಟಪಾಡಿಯ ನನ್ನ ದೊಡ್ಡಮ್ಮ ಅರವತ್ತು ದಾಟಿದ ಮೇಲೆ ಸ್ವೀಟ್ ಹೋಮ್ 3ಡಿ ಕಲಿತು ತಮ್ಮ ಮನೆ ತಾವೇ ಜೋಡಿಸುತ್ತಿದ್ದರು. ಒಂದು ದಿನ ಫೋನ್. "ಇದು ಸರಿ ಇಲ್ಲ, ಬೆಳಗಿನ ಬಿಸಿಲು ಅಡುಗೆ ಕೋಣೆಗೆ ಬರುದೇ ಇಲ್ಲ. ವಾಸ್ತುವಿನವರು ಹೇಳಿದ ಹಾಗೆ ಆಗ್ನೇಯಕ್ಕೇ ಇಟ್ಟದ್ದು." ಫೋನಿನಲ್ಲಿ ಎರಡು ದಿನ ತಲೆ ಕೆಡಿಸಿಕೊಂಡೆ. ಕಡೆಗೆ ಹೋಗಿ ನೋಡಿದರೆ ದಿಕ್ಸೂಚಿಯನ್ನು ಅವರು ತಿರುಗಿಸಿಯೇ ಇರಲಿಲ್ಲ. ಅವರ ಜಾಗದ ಉತ್ತರ ಒಂದು ಕಡೆ, ಪ್ಲಾನಿನ ಉತ್ತರ ಇನ್ನೊಂದು ಕಡೆ. ಅದನ್ನು ತಿರುಗಿಸಿ, ಊರಿನ ಜಾಗವನ್ನೂ ಕೊಟ್ಟ ಮೇಲೆ ಬಿಸಿಲು ಬರಬೇಕಾದಲ್ಲಿಗೇ ಬಂತು.

ಅದೇ ಹೊತ್ತಿಗೆ ಇನ್ನೊಂದು ಕಣ್ಣಿಗೆ ಬಿತ್ತು. ಅವರ ಸಿಟ್‌ಔಟ್ ಪಡುಗಡೆಗೆ ತೆರೆದಿತ್ತು, ಮೇಲಿನ ಮಾಡು ಎರಡಡಿಯೂ ಮುಂದೆ ಬಂದಿರಲಿಲ್ಲ. ಮಳೆಗಾಲದ ಗಾಳಿ ಬರುವುದೇ ಆ ಕಡೆಯಿಂದ, ಕುರ್ಚಿಯೆಲ್ಲ ನೆನೆಯುತ್ತದೆ. ಯಾವ ಸಾಫ್ಟ್‌ವೇರೂ ಇದನ್ನು ಕೆಂಪು ಅಕ್ಷರದಲ್ಲಿ ತೋರಿಸುವುದಿಲ್ಲ. ನಾನು ಬದಲಿಸಲಿಲ್ಲ, ಮೇಸ್ತ್ರಿಯನ್ನು ಒಮ್ಮೆ ಕೇಳಿ ಎಂದೆ. ಬೇರೆಯವರ ಮನೆಯ ಪ್ಲಾನಿನಲ್ಲಿ ಕೇಳಿದ ತೊಂದರೆ ಮಾತ್ರ ಸರಿ ಮಾಡಬೇಕು, ಉಳಿದದ್ದನ್ನು ಬಾಯಲ್ಲಿ ಹೇಳಿದರೆ ಸಾಕು. ಫೈಲ್ ತರಿಸಿಕೊಂಡು ಸರಿ ಮಾಡಿದರೆ ಹೆಸರಿನ ಕೊನೆಗೆ ತಾರೀಕು ಸೇರಿಸಿ ಹೊಸ ಫೈಲ್ ಆಗಿಯೇ ವಾಪಸ್ ಕೊಡಿ, ಅವರ ಮೂಲ ಫೈಲ್ ಹಾಗೇ ಇರಲಿ.

ದುಡ್ಡಿನ ಮಾತು ಹೇಳಲು ಎಲ್ಲರಿಗೂ ಸಂಕೋಚ. ನಾನು ಹೀಗೆ ಮಾಡಿದ್ದೇನೆ. ಮೊದಲ ಅರ್ಧ ಗಂಟೆ ಯಾರಿಗಾದರೂ ಸುಮ್ನೆ. ಆಮೇಲೆ ಗಂಟೆಯ ಲೆಕ್ಕ, ಮೊದಲೇ ಹೇಳಿ. ಅದೇ ಫೈಲಿನಿಂದ ಅವರು ದುಡಿಯುವವರಾದರೆ ಆ ಅರ್ಧ ಗಂಟೆಯೂ ಇಲ್ಲ. ದೊಡ್ಡಮ್ಮನಿಗೆ ಲೆಕ್ಕವೇ ಇಲ್ಲ. ಹೊರಡುವಾಗ ಒಂದು ಚೀಲ ಮಟ್ಟುಗುಳ್ಳ ಬದನೆ ಕೊಟ್ಟರು, ಜೊತೆಗೆ ಮಾಳಿಗೆಯ ಮೆಟ್ಟಿಲು ಯಾಕೆ ಗೋಡೆಯೊಳಗೆ ಹೋಗುತ್ತದೆ ಎಂಬ ಮುಂದಿನ ಪ್ರಶ್ನೆ.